ಪುಟ್ಟ ಗ್ರಂಥಿ, ದೊಡ್ಡ ಎಚ್ಚರ



ಊರಿನಿಂದ ಬಂದ ಹಿರಿಯರ ಸುಸ್ತು, ಮೂಳೆನೋವು, ಮಲಬದ್ಧತೆಗಳನ್ನು ನಾವು ‘ವಯಸ್ಸಾಯ್ತು’ ಎಂದು ಬಿಟ್ಟುಬಿಡುತ್ತೇವೆ. ಅಂಥ ಒಬ್ಬ ತಾಯಿಯ ರಕ್ತದಲ್ಲಿ, 10 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕಾದ ಕ್ಯಾಲ್ಸಿಯಂ 14 ದಾಟಿತ್ತು. ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿತ್ತು. ನಮಗೆ ಬಂದ ಶಂಕೆ ಪ್ಯಾರಾಥೈರಾಯ್ಡ್ ಕ್ಯಾನ್ಸರ್. ಥೈರಾಯ್ಡಿನ ಹಿಂದಿರುವ, ಅಕ್ಕಿಕಾಳಿನಷ್ಟು ಗ್ರಂಥಿಗೆ ಬರುವ ಅಪರೂಪದ ರೋಗವಿದು. ಸೂಜಿ ಚುಚ್ಚದೆ, ಗಂಟು ಒಡೆಯದಂತೆ, ಆ ಬದಿಯ ಥೈರಾಯ್ಡಿನೊಡನೆ ಇಡಿಯಾಗಿ ತೆಗೆಯುವ ಮೊದಲ ಶಸ್ತ್ರಚಿಕಿತ್ಸೆಯೇ ಇಲ್ಲಿ ನಿರ್ಣಾಯಕ.

ರೋಗ ಖಚಿತವಾದ ಮೇಲೆ ‘ಎಷ್ಟು ದಿನ, ಡಾಕ್ಟ್ರೇ?’ ಎಂದು ಮಗ ಕೇಳಿದರು. ‘ದಿನವಲ್ಲ, ವರ್ಷಗಳ ಮಾತು’ ಎಂದೆವು. 5 ವರ್ಷ ದಾಟುವವರೇ ಹೆಚ್ಚು. ಆದರೆ ಸುಮಾರು ಅರ್ಧದಷ್ಟು ಜನರಲ್ಲಿ ಇದು ಮರಳುವುದರಿಂದ ಕ್ಯಾಲ್ಸಿಯಂ ಪರೀಕ್ಷೆ ಜೀವನಪರ್ಯಂತ ಬೇಕು.

ಹಿರಿಯರ ರಿಪೋರ್ಟಿನಲ್ಲಿ ಸಕ್ಕರೆಯ ಜೊತೆ ಕ್ಯಾಲ್ಸಿಯಂ ಸಾಲನ್ನೂ ಓದಿ.