ಅಪ್ಪನ ಯೆಜ್ಡಿ ಮತ್ತು ಹರಿಹರದ ಲೇತು

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಗೀಚಿ. ಆಫೀಸು, ರಿಲೀಸು, ಮತ್ತೆ ಆಫೀಸು... ನಿಮಗೆಲ್ಲ ಗೊತ್ತಿರುವ ಕತೆಯೇ. ಮೊನ್ನೆ ಊರಿಗೆ ಹೋದಾಗ ನಾನೊಂದು ಘನಂದಾರಿ ಕೆಲಸ ಮಾಡಿಬಂದೆ. ಅದನ್ನು ಹೇಳೋಣ ಅಂತ ಕೂತಿದ್ದೇನೆ. ನಗಬಾರದು ಮತ್ತೆ :)

ನಮ್ಮಪ್ಪನದೊಂದು ಯೆಜ್ಡಿ ರೋಡ್‌ಕಿಂಗ್ ಇದೆ, 1986ರದ್ದು. ಆಗ ಅಪ್ಪನಿಗೆ ಇಪ್ಪತ್ತೆಂಟು ವರ್ಷ, ಹೊಸದಾಗಿ ಮೇಷ್ಟ್ರ ಕೆಲಸ. ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ, ನಮ್ಮ ಹರಿಹರ ಚಿತ್ರದುರ್ಗಕ್ಕೆ ಸೇರಿತ್ತು. ಈಗ ನನಗೆ ಇಪ್ಪತ್ತೆಂಟು. ಅಪ್ಪನ ಮಂಡಿ ಹೋಗಿದೆ, ಕಿಕ್ ಹೊಡೆಯೋಕೆ ಆಗೋದಿಲ್ಲ. ಬೆಂಗಳೂರಿನವರೊಬ್ಬರು ಒಂದು ಲಕ್ಷದ ಮೇಲೆ ಕೊಡ್ತೀನಿ ಅಂತ ಫೋಟೋ ನೋಡಿಯೇ ಹೇಳಿದ್ದರು. ಅಪ್ಪನನ್ನು ಕೇಳಿದರೆ, "ನಂದೇನೂ ಇಲ್ಲಪ್ಪ, ನೀನೇ ನೋಡಿ ಮಾಡು" ಅಂದು ಪೇಪರ್ ತಿರುವಿಹಾಕಿದರು. ಒಪ್ಪಿಗೆಯೋ ಬೇಸರವೋ ಗೊತ್ತಾಗಲಿಲ್ಲ.

ಸರಿ, ಕೊಡೋ ಮುಂಚೆ ಒಂದು ಕೊನೇ ರೌಂಡು ಹೊಡೆಯೋಣ ಅಂತ ದಾವಣಗೆರೆಗೆ ಹೋದೆ. ಬೆಣ್ಣೆ ದೋಸೆ ತಿಂದೆ (ಎರಡು). ವಾಪಸ್ ಬರುವಾಗ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿ ಪಿಬಿ ರೋಡ್ ಹಿಡಿದೆ. ದೊಡ್ಡಬಾತಿ ದಾಟುವಷ್ಟರಲ್ಲಿ ಇಂಜಿನ್ 'ಕಿರ್ರ್' ಅಂತು, ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಂಡಿತು. ಹೆಂಗೋ ಕ್ಲಚ್ ಒತ್ತಿ ಪಕ್ಕಕ್ಕೆ ತಂದೆ. ಪಿಸ್ಟನ್ ಸೀಜ್!

ಕಾರಣ ಹೇಳೋಕೆ ನಾಚಿಕೆ. ಪೆಟ್ರೋಲ್ ಹಾಕಿಸಿದೆ, ಆಯಿಲ್ ಹಾಕಿಸಲಿಲ್ಲ. ಟೂ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ನಿಗೆ ಜಾರಲು ಬೇಕಾದ ಎಣ್ಣೆ ಪೆಟ್ರೋಲ್ ಜೊತೆಗೇ ಹೋಗಬೇಕು. ಯಮಹಾ ಆರ್‌ಎಕ್ಸ್ 100ರಲ್ಲಾದರೆ ಆಯಿಲ್‌ಗೆ ಬೇರೆ ಟ್ಯಾಂಕು, ಬೇರೆ ಪಂಪು. ನಮ್ಮ ಗಾಡಿಯಲ್ಲಿ ಸವಾರನೇ ಪಂಪು. ಆ ಪಂಪು ಬಿ.ಇ. ಮಾಡಿಕೊಂಡಿದ್ದರೂ ಕೆಟ್ಟಿತ್ತು.

ಟಾಟಾ ಏಸ್ ಬರೋ ತನಕ ರಸ್ತೆ ಬದಿ ಕೂತಿದ್ದೆ. ಬೇರೆ ಕೆಲಸ ಇಲ್ಲದೆ ಎಣಿಸಿದೆ. ಅರ್ಧ ಗಂಟೆಯಲ್ಲಿ ನಾಲ್ಕು ಆರ್‌ಎಕ್ಸ್ 100, ಒಂದು ಆರ್‌ಎಕ್ಸ್ 135, ಹಾಲಿನ ಕ್ಯಾನ್ ನೇತುಹಾಕಿಕೊಂಡ ಇನ್ನೊಂದು ಯೆಜ್ಡಿ. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ ಅದೂ 1996ಕ್ಕೇ ಬಾಗಿಲು ಹಾಕಿತು. ಈಗ ಅದೇ ಹೆಸರಿನಲ್ಲಿ ಬರುತ್ತಿರುವುದು ಬೇರೆ ಕಂಪನಿಯ ಬೇರೆ ಗಾಡಿ. ಅಂದರೆ ನನ್ನ ಮುಂದೆ ಹೋದ ಯೆಜ್ಡಿಗೂ, ಆ ನಾಲ್ಕು ಆರ್‌ಎಕ್ಸ್ 100ಗೂ ಕಡಿಮೆ ಅಂದ್ರೂ ನನಗಿಂತ ಜಾಸ್ತಿ ವಯಸ್ಸು! ನನ್ನ ಮೊಬೈಲು ಮೂರೇ ವರ್ಷಕ್ಕೆ ಮುದಿಯಾಗುತ್ತೆ. ಇವು ಹೆಂಗೆ ಉಳಿದವು?

ಹೊರದೇಶಗಳಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳು ಉಳಿಯೋದಕ್ಕೆ ಒಂದು ಸುಲಭದ ಕಾರಣ ಇದೆ. ಅವು ಮನೆಯ ಎರಡನೇ ಕಾರು, ಭಾನುವಾರದ ಕಾರು. ಮಳೆಗೆ ಹೊರಗೆ ಬರಲ್ಲ, ಶೆಡ್ಡಿನಲ್ಲೇ ಇರ್ತವೆ. ಇಂಗ್ಲೆಂಡಿನ ಎಂಜಿಬಿ ಕಾರನ್ನೇ ತಗೊಳ್ಳಿ. 1980ರಲ್ಲಿ ನಿಂತಿತು, ಆದರೆ 1988ರಿಂದ ಅದಕ್ಕೆ ಹೊಸ ಬಾಡಿಯನ್ನೇ ಮತ್ತೆ ಮಾಡಿ ಮಾರೋಕೆ ಶುರು ಮಾಡಿದರು. ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾಗಿದ್ದವಲ್ಲ, ಗಿರಾಕಿಗಳಿಗೇನು ಬರ!

ಆದರೆ ನಮ್ಮ ಕಡೆ ಗಾಡಿಗಳಿಗೆ ಆ ಸುಖ ಎಲ್ಲಿ? ಅಪ್ಪನ ಯೆಜ್ಡಿ ಜೋಳದ ಚೀಲ ಹೊತ್ತಿದೆ, ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿದೆ, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದೆ. ವೇಗ ಇದ್ದರೆ ಉಳಿಯುತ್ತೆ ಅನ್ನೋ ಹಾಗೂ ಇಲ್ಲ. 1983ರಲ್ಲಿ ಬಂದ ರಾಜದೂತ್ 350ಗಿಂತ ಜೋರಿನ ಗಾಡಿ ಆಗ ಯಾವುದಿತ್ತು? ಪೆಟ್ರೋಲ್ ಕುಡಿಯೋದು ಕಂಡು ಜನ ಹೆದರಿದರು. ನಮ್ಮ ರಸ್ತೆಗಳಲ್ಲಿ ಈಗ ಅದು ಕಾಣೋದೇ ಅಪರೂಪ. ಇನ್ನು ಗುಜರಿಗೆ ಹೋದ ಯೆಜ್ಡಿಗಳು ಲೆಕ್ಕಕ್ಕೇ ಸಿಗಲ್ಲ. ಉಳಿದವು ಅವುಗಳ ಬಿಡಿಭಾಗ ತಿಂದೇ ಉಳಿದಿವೆ.

ಉತ್ತರ ಸಿಕ್ಕಿದ್ದು ಹರಿಹರದ ಒಂದು ಲೇತ್ ಶೆಡ್ಡಿನಲ್ಲಿ.

ಮೆಕ್ಯಾನಿಕ್ಕು ಇಂಜಿನ್ ಬಿಚ್ಚಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಕಿಂಡಿಗಳನ್ನು ತೆಗೆದು ಮುಚ್ಚುತ್ತೆ. ಬ್ಲಾಕಿನ ಒಳಗೋಡೆ ಗೀರು ಬಿದ್ದಿದ್ದರೆ ಸ್ವಲ್ಪ ಅಗಲ ಮಾಡಿ, ಕಾಲು ಮಿಲಿಮೀಟರ್ ದಪ್ಪನೆಯ ಪಿಸ್ಟನ್ ಹಾಕಿದರಾಯ್ತು. ಅದಕ್ಕೂ ಗೀರು ಬಿದ್ದರೆ ಇನ್ನೊಂದು ಕಾಲು. ಆಮೇಲೆ ಒಳಗೆ ಹೊಸ ಸ್ಲೀವ್. ಲ್ಯಾಪ್‌ಟಾಪ್ ಹಚ್ಚೋದು ಬೇಡ, ಕಂಪನಿಯ ಅಪ್ಪಣೆಯೂ ಬೇಡ.

ಆದರೆ ಆ ಕಾಲು ಮಿಲಿಮೀಟರ್ ಕೊರೆಯೋಕೆ ಕೈ ಬೇಕಲ್ಲ? ಹರಿಹರದಲ್ಲಿ ಅದು ಇತ್ತು. 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಲೇತ್ ಮಾಡುತ್ತಿತ್ತು. ನೆನಪಿಡಿ, ಲೇತಿನಲ್ಲಿ ಮಾಡೋ ಸಾಮಾನಲ್ಲ, ಲೇತನ್ನೇ! ಯಂತ್ರ ಮಾಡುವ ಯಂತ್ರ. ಊರಿನ ಎಷ್ಟೋ ಮನೆಗಳಲ್ಲಿ ಒಬ್ಬ ಟರ್ನರ್ರೋ ಫಿಟ್ಟರ್ರೋ ಇದ್ದೇ ಇರ್ತಿದ್ದರು. ಈ ಶತಮಾನದ ಶುರುವಿನಲ್ಲಿ ಆ ಕಾರ್ಖಾನೆ ನಿಂತಿತು, ಕೈಗಳು ಉಳಿದವು. ಕೆಲವರು ಶೆಡ್ ಹಾಕಿಕೊಂಡರು.

ನಮ್ಮ ಬ್ಲಾಕು ಹೋಗಿದ್ದು ಅಂಥ ಒಬ್ಬ ಅಜ್ಜನ ಕೈಗೆ. ಎಪ್ಪತ್ತು ದಾಟಿರಬೇಕು. ಬ್ಲಾಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ, "ಇದು ನನ್ ಕೈದೇ ಕೆಲ್ಸ ನೋಡ್ರಿ. ಮೇಷ್ಟ್ರ ಗಾಡಿ ಹೌದಲ್ಲೋ?" ಅಂದರು. ನನಗೆ ರೋಮಾಂಚನ! ಮನೆಗೆ ಬಂದು ಅಪ್ಪನ ಗಾಡಿ ಡೈರಿ ತೆಗೆದು ನೋಡಿದರೆ ನಿಜ, 2006ರಲ್ಲಿ ಬೋರ್ ಮಾಡಿಸಿದ್ದು ಬರೆದಿದೆ.

"ಇನ್ನೊಂದ್ ಸಲ ತಡೀತೈತಿ, ಏನೂ ಚಿಂತಿ ಇಲ್ಲ."

"ಆಮೇಲೆ ಅಜ್ಜಾ?"

"ಆಮ್ಯಾಲೆ ಸ್ಲೀವ್ ಹಾಕ್ಬೇಕು. ಸ್ಲೀವ್ ಸಿಗ್ತೈತಿ." ಸ್ವಲ್ಪ ಹೊತ್ತು ಬಿಟ್ಟು, "ಹಾಕೋರು ಬೇಕಲ್ಲಪ್ಪ. ನನ್ ಮಗನೂ ನಿಮ್ಮಂಗೇ ಬೆಂಗ್ಳೂರಾಗೆ ಕಂಪ್ಯೂಟರ್ ಕೆಲ್ಸ" ಅಂದರು. ದೂರಿದಂತೇನೂ ಇರಲಿಲ್ಲ. ನನಗೆ ಮಾತ್ರ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕಾಲೇಜಿನ ವರ್ಕ್‌ಶಾಪ್ ಲ್ಯಾಬಿನಲ್ಲಿ ಲೇತ್ ಮುಂದೆ ನಿಂತು ರೆಕಾರ್ಡ್ ಕಾಪಿ ಹೊಡೆದವನು ನಾನು.

ಬೆಂಗಳೂರಿನವರು ಎರಡು ಸಲ ಫೋನ್ ಮಾಡಿದ್ದರು. ಅವರ ಹತ್ರ ಆಗಲೇ ಆರು ಗಾಡಿ ಇವೆಯಂತೆ, ಎಲ್ಲಾ ಫಳಫಳ. ಇದೂ ಏಳನೆಯದಾಗಿ ಬೆಚ್ಚಗಿರುತ್ತಿತ್ತು. ಇಲ್ಲಿ ಇಟ್ಟುಕೊಂಡರೆ ಖರ್ಚು. ಮೊದಲ ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ನಮ್ಮದಕ್ಕೆ ಸರದಿ 2026. 2022ರ ಏಪ್ರಿಲ್ ತನಕ 300 ರೂಪಾಯಿ ಇದ್ದ ಶುಲ್ಕ 1000 ಆಯ್ತು, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಬೈಕಿಗೆ 2000 ಮಾಡಿದರು. ವಿಂಟೇಜ್ ಅನ್ನೋ ಗೌರವ ಬೇಕಾದರೆ ಐವತ್ತು ತುಂಬಬೇಕು, 2036ರ ತನಕ ಕಾಯಬೇಕು. ಹೊಗೆಯ ವಿಷಯದಲ್ಲಂತೂ ನನ್ನ ಹತ್ರ ಸಮರ್ಥನೆ ಇಲ್ಲ. ಹಿಂದೆ ಬರೋರು ಬೈಕೊಂಡೇ ಬರ್ತಾರೆ.

ಮೂರು ದಿನಕ್ಕೆ ಬ್ಲಾಕ್ ರೆಡಿ ಆಯ್ತು. ಭಾನುವಾರ ಬೆಳಿಗ್ಗೆ ಮನೆ ಮುಂದೆ ಗಾಡಿ ನಿಲ್ಲಿಸಿ, ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ (ಇದರಲ್ಲಿ ಕಿಕ್ಕೂ ಗೇರೂ ಒಂದೇ, ಗೊತ್ತಿಲ್ಲದವರು ಹುಡುಕಿ ಸುಸ್ತಾಗ್ತಾರೆ) ಮೂರು ಸಲ ತುಳಿದೆ. ನಾಲ್ಕನೇದಕ್ಕೆ ಹಿಡೀತು. ಎರಡೂ ಸೈಲೆನ್ಸರಿಂದ ಆ ಹಳೇ ಸದ್ದು, ಬೀದಿ ತುಂಬಾ ನೀಲಿ ಹೊಗೆ. ಕೋಲು ಊರಿಕೊಂಡು ಅಪ್ಪ ಬಾಗಿಲಿಗೆ ಬಂದರು. ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಏನಾದ್ರೂ ಭಾವುಕವಾಗಿ ಹೇಳ್ತಾರೇನೋ ಅಂತ ನಾನು ಕಾದೆ.

"ಆಯಿಲ್ ಹಾಕ್ಸಿದ್ಯೇನೋ?"

ಹಾಕ್ಸಿದ್ದೆ. ಮೊದಲ 500 ಕಿಲೋಮೀಟರ್ ನಲವತ್ತರ ಮೇಲೆ ಓಡಿಸಬೇಡ ಅಂತ ಅಜ್ಜನ ಆಜ್ಞೆ. ಬೆಂಗಳೂರಿನವರಿಗೆ ರನ್ನಿಂಗ್-ಇನ್ ಮುಗಿಯಲಿ, ಆಮೇಲೆ ಮಾತಾಡೋಣ ಅಂದಿದ್ದೇನೆ. ನಾನು ಊರಿಗೆ ಹೋಗೋದು ತಿಂಗಳಿಗೊಂದು ಸಲ. ಇಲ್ಲಿಯವರೆಗೆ ಆಗಿರೋದು 62.