ಎತ್ತಿಗೆ ಗೊತ್ತಿದ್ದ ಕೈ

ನಮ್ಮಪ್ಪ ಭೇರ್ಯದ ಸೀಮೆಯ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ಆ ಮನೆಯ ಜೋಡಿ ಹಳ್ಳಿಕಾರ್ ಎತ್ತುಗಳ ಮೈ ತೊಳೆಯುವವನು, ಹುಲ್ಲು ಹಾಕುವವನು, ಸಗಣಿ ಬಾಚುವವನು ಅವನೇ. ಎತ್ತುಗಳು ಮಲಗುತ್ತಿದ್ದದ್ದು ಮನೆಯೊಳಗೆ. ಅಪ್ಪ ಉಣ್ಣುತ್ತಿದ್ದದ್ದು ಹೊರಗೆ, ತಿಪ್ಪೆಯ ಪಕ್ಕ. ಎತ್ತಿಗೆ ನೀರು ಕೊಟ್ಟ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ.

ಎಡದ ಎತ್ತು ಹಾಯುವಂಥದ್ದು. ಯಜಮಾನರು ಹತ್ತಿರ ಬಂದರೆ ಕೊಂಬು ತಗ್ಗಿಸುತ್ತಿತ್ತು. ಅಪ್ಪ ಕೆಮ್ಮಿದರೆ ಸಾಕು, ಮೇವು ಬಿಟ್ಟು ಕಿವಿ ತಿರುಗಿಸುತ್ತಿತ್ತು.

'ಅದ್ಕೆ ನಾವು ಯಾವ ಕೇರಿಯೋರು ಅಂತ ಗೊತ್ತಾಗಲ್ವಾ ಅಪ್ಪ?' ಎಂದಿದ್ದೆ.

'ಅದ್ಕೆ ಕೈ ಗೊತ್ತು ಕಲಾ. ಕೇರಿ ಕಟ್ಕೊಂಡು ಅದ್ಕೇನಾಗ್ಬೇಕು?'

1973ರ ಸಂಕ್ರಾಂತಿ ಹೊತ್ತಿಗೆ ಆ ಜೋಡಿ ಚುಂಚನಕಟ್ಟೆ ಜಾತ್ರೆಗೆ ಹೋಯಿತು. ಹಲ್ಲು ನೋಡಿದರು, ಟವಲಿನ ಕೆಳಗೆ ಬೆರಳು ಹಿಡಿದು ರೇಟು ಕಟ್ಟಿದರು. ಕೊಂಡವನು ಹಗ್ಗ ಎಳೆದ. ಎಡದೆತ್ತು ಹೆಜ್ಜೆ ಎತ್ತಲಿಲ್ಲ. ಮೂಗುದಾರದಲ್ಲಿ ರಕ್ತ ಬಂದರೂ ಅಪ್ಪನ ಕಡೆಗೇ ತಿರುಗಿ ನಿಂತಿತ್ತು.

'ನೀನೇ ಹೊಡೆಯೋ, ಹೊರಡ್ಲಿ' ಅಂದರು ಯಜಮಾನರು.

'ಆಗ್ಲಿ ಬುದ್ಧಿ' ಅಂದ ಅಪ್ಪ. ತನ್ನ ಬೆನ್ನಿಗೂ ಬಿದ್ದಿದ್ದ ಬಾರುಕೋಲಿನಿಂದಲೇ ಹೊಡೆದ. ಎತ್ತು ಹೊರಟಿತು. ಆ ರಾತ್ರಿ ಅಪ್ಪ ಉಣ್ಣಲಿಲ್ಲ.

1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಕೆಲವು ವರ್ಷಗಳ ಮೇಲೆ ಅಪ್ಪನೂ ಬಿಡುಗಡೆಯಾದ. ನಾನು ಓದಿ ಮೇಷ್ಟರಾದೆ. ಕುರಿಗಳು ಐವತ್ತು ಕುರಿಗಳ ಮುಖವನ್ನು ಎರಡು ವರ್ಷ ಮರೆಯುವುದಿಲ್ಲವೆಂದು 2001ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಒರಟಾಗಿ ನಡೆಸಿಕೊಂಡವರು ಯಾರು, ಮೆತ್ತಗೆ ಮುಟ್ಟಿದವರು ಯಾರು ಎಂದು ಹಸುಗಳು ಗುರುತಿಟ್ಟುಕೊಳ್ಳುವುದೂ ಪ್ರಯೋಗಗಳಲ್ಲಿ ಕಂಡಿದೆ. ಅಕ್ಷರ ಬಾರದ ಅಪ್ಪ ಇದನ್ನು ಕೊಟ್ಟಿಗೆಯಲ್ಲಿ ಕಲಿತಿದ್ದ. ಅವನ ತಿಳಿವಳಿಕೆಯನ್ನು ಯಾರೂ ವಿದ್ಯೆ ಎನ್ನಲಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹೊಡೆತವನ್ನು ಅಪರಾಧ ಎನ್ನುತ್ತದೆ. ನಿಯಮದಂತೆ ಮೂಗು ಚುಚ್ಚುವುದನ್ನೂ ಬೀಜ ಒಡೆಯುವುದನ್ನೂ ಹೊರಗಿಡುತ್ತದೆ. ಸಂಕ್ರಾಂತಿಯ ದಿನ ಕೊಂಬಿಗೆ ಬಣ್ಣ ಬಳಿದು ಬಸವ ಎಂದು ಕೈಮುಗಿಯುತ್ತೇವೆ, ಸಂಜೆ ಕಿಚ್ಚು ಹಾಯಿಸುತ್ತೇವೆ. ಅದರ ಕಣ್ಣಿನ ಹೆದರಿಕೆಯನ್ನು ಯಾರು ನೋಡುತ್ತಾರೆ?

ಗೆಳೆಯರೇ, ದನವನ್ನು ದೇವರೆಂದು ಅದನ್ನು ಸಾಕಿದವನನ್ನು ಹೊರಗೆ ಕೂರಿಸಿದ ದಯೆ ನಮಗೆ ಬೇಡ. ಆದರೆ ನಮ್ಮನ್ನು ಹೊಡೆದ ಕೋಲನ್ನೇ ಹಿಡಿದು ಮೂಕಜೀವಕ್ಕೆ ಹೊಡೆಯುವ ಸ್ವಾತಂತ್ರ್ಯವೂ ಬೇಡ. ನಮ್ಮ ಮನೆಯಲ್ಲೀಗ ಒಂದು ಹಸುವಿದೆ. ಬಾರುಕೋಲು ಇಲ್ಲ. ನಾನು ಕೆಮ್ಮಿದರೆ ಅದೂ ಕಿವಿ ತಿರುಗಿಸುತ್ತದೆ.