ಆಡು ಅಲ್ಲ, ಹಾಡು

ನನ್ನವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮೊನ್ನೆ ಫೋನಿನ ಮೈಕ್ ಗುರುತು ತೋರಿಸಿ, 'ಓದೋದೂ ಬೇಡ, ಬರೆಯೋದೂ ಬೇಡ ಕಣವ್ವ. ಬಾಯಲ್ಲಿ ಕೇಳು, ಹುಡುಕಿ ಕೊಡ್ತದೆ' ಅಂದೆ. ಫೋನನ್ನು ಬಾಯಿ ಹತ್ರ ಹಿಡಿದು, 'ಬಾಬಾಸಾಯೇಬ್ರ ಆಡು ಆಕು' ಅಂದ್ಲು. ಬಂದಿದ್ದು ಆಡು ಸಾಕಾಣಿಕೆಯ ವಿಡಿಯೋ! ಇಬ್ಬರೂ ಬಿದ್ದು ಬಿದ್ದು ನಕ್ಕೆವು.

'ಆಡು ಅಲ್ಲವ್ವ, ಹಾಡು. ಸರಿಯಾಗಿ ಹೇಳು' ಅಂದೆ. ಅಂದಮೇಲೆ ಎದೆ ಚುರ್ ಅಂತು. ಮೂರನೇ ಕ್ಲಾಸಲ್ಲಿ 'ಹ' ಹೊರಳದ ನನ್ನನ್ನು ಎದ್ದು ನಿಲ್ಲಿಸಿ, ಕ್ಲಾಸನ್ನೆಲ್ಲ ನಗಿಸಿದ ಮೇಷ್ಟ್ರು ಹೇಳಿದ್ದೂ ಇದೇ ಮಾತು.

ಯಂತ್ರ ತಾನಾಗೇ ಕನ್ನಡ ಕಲಿಯಲ್ಲ. ಜನರ ಮಾತನ್ನು ರೆಕಾರ್ಡ್ ಮಾಡಿ, ಅದರ ಬರಹವನ್ನೂ ಜೊತೆಗಿಟ್ಟು ಕಲಿಸ್ತಾರೆ. ಆ ರಾಶಿಯಲ್ಲಿ ನಮ್ಮ ಕೇರಿಗಳ ದನಿ ಎಷ್ಟಿದೆ? ಅಕ್ಷರ ದಕ್ಕದವರಿಗೇ ಮೊದಲು ಬೇಕಾದ ಸವಲತ್ತಲ್ಲವೇ ಇದು? ಬಾಯಿದ್ದೂ ಮೂಕರಾಗಿಸಲ್ಪಟ್ಟ ಜನಕ್ಕಾಗಿ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಪತ್ರಿಕೆ ತಂದರು. ನೂರು ವರ್ಷ ದಾಟಿದರೂ ನಮ್ಮವ್ವನ ಮಾತು ಕೇಳಿಸಿಕೊಳ್ಳೋ ಕಿವಿ ಇನ್ನೂ ತಯಾರಾಗಿಲ್ಲ.

ಅವ್ವ ಮಾತ್ರ ಫೋನ್ ಬದಿಗಿಟ್ಟು ಅಂದ್ಲು: 'ನಾನ್ಯಾಕ್ಲಾ ತಿದ್ಕಳ್ಳಿ? ಅದೇ ಕಲ್ತ್ಕಳ್ಳಲಿ ಬುಡು.'

ಜೈ ಭೀಮ್.